ಒಂಟಿ ಕೊಕ್ಕೆ

ಕಾಮಾಕ್ಷಿಪಾಳ್ಯದ ಅಗರಬತ್ತಿ ಶೆಡ್ಡು. ಇಲ್ಲಿ
ಕೀಬೋರ್ಡಿನ ಸಂದಿಯಲ್ಲೂ ಇದ್ದಿಲ ಧೂಳು.
ತ್ಯಾಗರಾಜ ಮೊದಲಿಯಾರರು ಬಿಟ್ಟುಹೋದ ಹಾಳೆ
ನನ್ನ ಪಾಲಿಗೆ ಬಂತು, ಕುರ್ಚಿಯ ಹಳೇ ದಿಂಬಿನ ಜೊತೆಗೆ.

“ಎಚ್ ಕಾಲಂ ಮಾತ್ರ ಮುಟ್ಟಬೇಡ ಕಣಯ್ಯ” ಅಂದಿದ್ದರು,
“ಅದು ಬರಹ. ಆದರೆ ಬರಹ ಅಲ್ಲ.”

ನೋಡಿದೆ. ಸಾಲಿಗೊಂದು ಸೂತ್ರ,
ಒಂದೊಂದರ ಮುಂದೂ ಒಂದು ಒಂಟಿ ಕೊಕ್ಕೆ,
ಮಲಗಿದ ಮಗುವಿನ ಮೇಲೆ ಇಳಿಬಿಟ್ಟ ಸೊಳ್ಳೆಪರದೆಯಷ್ಟು ಹಗುರ.
ಅದಿರುವ ತನಕ
ಸಮಚಿಹ್ನೆ ಬರೀ ಎರಡು ಗೀಟು,
ಗುಣಾಕಾರ ಬರೀ ಚುಕ್ಕಿ.

ಶನಿವಾರ ಮೂರಕ್ಕೆ ಬಟನ್ ಒತ್ತುತ್ತೇನೆ.
ಮ್ಯಾಕ್ರೊ ಮನೆಮನೆಗೆ ಹೋಗಿ, ಬರೆದದ್ದನ್ನು ಎತ್ತಿ,
ಇವ್ಯಾಲ್ಯುಯೇಟ್‌ನ ಕಿವಿಯಲ್ಲಿ ಉಸುರುತ್ತದೆ.
ಓದು ಅಂತಲ್ಲ. ಮಾಡು ಅಂತ.
ಎದ್ದು ಕೂರುತ್ತದೆ ಬರಹ:
ಶಂಷಾದ್‌ಬೀಗೆ ಸಾವಿರ ಕಡ್ಡಿಗೆ ಇಷ್ಟು,
ಪುಟ್ಟತಾಯಮ್ಮನಿಗೆ ಹಬ್ಬದ ವಾರ ಒಂದೂಕಾಲು ಪಟ್ಟು,
ಮುರಿದದ್ದಕ್ಕೆ ಎಲ್ಲರಿಗೂ ಕಡಿತ.
ಬದರಿ ಶೆಟ್ಟರು ಎಂದೋ ಫೋನಿನಲ್ಲಿ ಅಂದದ್ದು ಇದೆಲ್ಲ.
ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ಇಲ್ಲಿ ಹೋಗುವುದಿಲ್ಲ,
ವಾರವಾರ ಬರುತ್ತದೆ.

ಆಷಾಢದಲ್ಲಿ ಅಂಜಲೈ ಬಂದು ಮೇಜಿನ ಅಂಚು ಹಿಡಿದಳು.
ರೇಖೆ ಸವೆದ ಬೆರಳು,
ರೇಷನ್ ಅಂಗಡಿಯ ಯಂತ್ರ ಮೂರು ಸಲ ಒತ್ತಿದರೂ ಗುರುತಿಸದ್ದು.
“ಬರ್ಕೊ ಸಾರ್. ಮುರಿದಿದ್ದು ನನ್ ಕೈಯಿಂದ ಅಲ್ಲ,
ಮಸಾಲೆ ಒಣಗಿತ್ತು. ಜಿಗಟು ಕಮ್ಮಿ ಹಾಕಿದ್ರು.
ಶೆಟ್ರು ಹೇಳಿದ್ದು ಓಡುತ್ತಲ್ಲ ಇದರೊಳಗೆ,
ನಾನ್ ಹೇಳಿದ್ದೂ ಓಡ್ಸು.”

ಏನನ್ನಿಸಿತೋ. ಹದಿನೇಳನೇ ಸಾಲಿನಲ್ಲಿ, ಅವಳ ಹೆಸರಿನ ಎದುರಿಗೆ
ಎರಡೇ ಪದ ಬರೆದೆ, ಮಸಾಲೆ ಒಣಗಿತ್ತು,
ಬಟನ್ ಒತ್ತಿದೆ.
ತಪ್ಪು 2029, ಅಂದಿತು ಪರದೆ.
ಈ ಹೆಸರಿನವರು ಗೊತ್ತಿಲ್ಲ ಅಂತ ಅದರ ಅರ್ಥ.

“ಇಸವಿಯಾ?” ಅಂದಳು. “ಅಷ್ಟೊತ್ತಿಗೆ ಕೊಡ್ತಾರಂತಾ?”
ನಗಬಾರದಿತ್ತು, ನಕ್ಕೆ. ಅವಳೂ ನಕ್ಕಳು.
ಹೊರಗೆ ಮಾಗಡಿ ರಸ್ತೆಯ ಹಾರನ್ನುಗಳು
ಒಂದರ ಬಾಲ ಒಂದು ಕಚ್ಚಿಕೊಂಡು.

ತಿಳಿಸಿ ಹೇಳಲು ನೋಡಿದೆ:
ಇನ್ನೂರೈವತ್ತೈದು ಅಕ್ಷರ ದಾಟಿದರೆ ಇದಕ್ಕೆ ಕಿವಿಯಿಲ್ಲ,
ಒಣಗುವುದೆಂದರೆ ಏನೆಂದು ಇದಕ್ಕೆ ಯಾರೂ ಕಲಿಸಿಲ್ಲ.
“ನಿಂಗೆ ಬರುತ್ತಲ್ಲ ಸಾರ್ ಇದರ ಭಾಷೆ” ಅಂದು
ಹೋಗಿ ಮಣೆಯ ಮುಂದೆ ಕೂತಳು.

ಆ ಮಾತಿನ ಮುಂದೆ ಕೊಕ್ಕೆ ಇರಲಿಲ್ಲ.

ಸಂಜೆ, ಮಸಾಲೆ ಕಲಸುವ ರುದ್ರಮುನಿಯನ್ನು ಕೇಳಿದೆ,
ಯಾವ ದಿನ ಎಷ್ಟು ನೀರು, ಎಷ್ಟು ಜಿಗಟು.
ಬೀಡಿಕಟ್ಟಿನ ಕಾಗದಗಳ ಹಿಂದೆ ಬರೆದಿಟ್ಟಿದ್ದ ಪುಣ್ಯಾತ್ಮ,
ತಾರೀಖಿನ ಸಮೇತ.
ಹೊಸ ಕಾಲಂ ತೆರೆದೆ. ತಲೆಬರಹ: ಹದ.
ಹದ ತಪ್ಪಿದ ದಿನ ಕಡಿತ ಸೊನ್ನೆ.
ಇಷ್ಟನ್ನು ಹೇಳಲು ಉದ್ಧರಣೆಯೊಳಗೆ ಉದ್ಧರಣೆ,
ಅದರೊಳಗೆ ಇನ್ನೊಂದು ಜೋಡಿ;
ಎಣಿಸಿ ಎಣಿಸಿ ತಪ್ಪಿದೆ. ಕರೆಂಟು ಹೋಯಿತು, ಬಂತು.
ಒಂಬತ್ತೂ ಇಪ್ಪತ್ತರ ಬಸ್ಸೂ ಹೋಯಿತು.

ಸೋಮವಾರ ಶೆಟ್ಟರು, “ಇದ್ಯಾರು ಹೇಳಿದ್ದು?”
“ಹಾಳೇಲಿ ಬರೆದಿದೆ ಸಾರ್” ಅಂದೆ.
ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.
ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು.
ಅಳಿಸು ಅನ್ನಲಿಲ್ಲ. ಇರಲಿ ಅನ್ನಲೂ ಇಲ್ಲ.

ಈಗೀಗ ಬಟನ್ ಒತ್ತುವ ಮುಂಚೆ
ಎಚ್ ಕಾಲಮ್ಮಿನುದ್ದಕ್ಕೂ ಇಳಿಯುತ್ತೇನೆ, ಮೆಲ್ಲಗೆ,
ಯಾರ ಮಾತು ಎಲ್ಲಿ ಮಲಗಿದೆ ನೋಡುತ್ತ.
ನನ್ನದೂ ಒಂದಿದೆಯಲ್ಲ ಈಗ, ಅದರದೇ ಹೆಚ್ಚು ಭಯ.

ಅವಳ ಎರಡು ಪದ ಅಳಿಸಿಲ್ಲ,
ಪಕ್ಕದ ಮನೆಗೆ ಸರಿಸಿದ್ದೇನೆ.
ಮ್ಯಾಕ್ರೊ ಅಲ್ಲಿಗೆ ಹೋಗುವುದಿಲ್ಲ.
ಮಸಾಲೆ ಒಣಗಿತ್ತು, ಅನ್ನುತ್ತದೆ ಅದು
ನಾನು ಹಾದುಹೋಗುವಾಗ.